ಪಾದದ ಹುಣ್ಣಿಗೆ ಎರವಲು ಪೊರೆ

ಬೆಳಿಗ್ಗೆ ಮೆಟ್ಟಿಕೊಂಡ ಚಪ್ಪಲಿಯ ಅಟ್ಟೆಯಿಂದ ಒಂದು ಚಿಕ್ಕ ಮೊಳೆ ಮೇಲೆದ್ದಿದೆ ಎಂದಿಟ್ಟುಕೊಳ್ಳಿ. ಆರೋಗ್ಯವಂತನಾದವನು ಎರಡನೆಯ ಹೆಜ್ಜೆಗೇ ‘ಅಯ್ಯೋ’ ಎಂದು ಕಾಲೆತ್ತಿ ಚಪ್ಪಲಿ ಬಿಚ್ಚಿ ನೋಡುತ್ತಾನೆ. ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವವರು ಅದೇ ಚಪ್ಪಲಿಯಲ್ಲಿ ಪೇಟೆಗೆ ಹೋಗಿ, ತರಕಾರಿ ಕೊಂಡು, ಬ್ಯಾಂಕಿನ ಸಾಲಿನಲ್ಲಿ ನಿಂತು, ಸಂಜೆ ಮನೆಗೆ ಬಂದು ಕಾಲು ತೊಳೆಯುವಾಗ ಬಚ್ಚಲಿನ ನೀರು ಕೆಂಪಾಗಿದ್ದನ್ನು ಕಂಡು ಬೆರಗಾಗಬಹುದು. ಅವರಿಗೆ ನೋವೇ ಆಗಿರುವುದಿಲ್ಲ. ನೋವಿಲ್ಲವಲ್ಲ ಎಂದು ಮನೆಯವರೂ ಸಮಾಧಾನ ಪಟ್ಟುಕೊಂಡು ಅರಿಶಿನ ಮೆತ್ತಿ ಸುಮ್ಮನಾಗುತ್ತಾರೆ. ಅಪಾಯ ಆರಂಭವಾಗುವುದೇ ಅಲ್ಲಿಂದ.

ರಕ್ತದಲ್ಲಿ ಸಕ್ಕರೆಯ ಅಂಶ ವರ್ಷಗಟ್ಟಲೆ ಹೆಚ್ಚಾಗಿಯೇ ಉಳಿದರೆ ನರಗಳು ಕೆಡುತ್ತವೆ. ಮೊದಲ ಪೆಟ್ಟು ಬೀಳುವುದು ಅತಿ ಉದ್ದದ ನರಗಳಿಗೆ. ಬೆನ್ನುಹುರಿಯಿಂದ ಹೊರಟು ಕಾಲ್ಬೆರಳ ತುದಿಯವರೆಗೆ ಸಾಗುವ ನರಗಳೇ ದೇಹದಲ್ಲಿ ಅತಿ ಉದ್ದವಾದವು. ಆದ್ದರಿಂದಲೇ ಸ್ಪರ್ಶಜ್ಞಾನ ಮೊದಲು ಮಾಯವಾಗುವುದು ಪಾದದಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10 ಕೋಟಿ 10 ಲಕ್ಷ. ಜೀವಮಾನದಲ್ಲಿ ಒಮ್ಮೆಯಾದರೂ ಪಾದದಲ್ಲಿ ಹುಣ್ಣಾಗುವವರು ಮಧುಮೇಹಿಗಳಲ್ಲಿ ಐವರಿಗೆ ಒಬ್ಬರಿಂದ ಮೂವರಿಗೆ ಒಬ್ಬರವರೆಗೆ ಎಂದು ತಜ್ಞರು ಅಂದಾಜು ಮಾಡುತ್ತಾರೆ. ಇಂಥ ಹುಣ್ಣುಗಳಲ್ಲಿ ಒಂದು ಪಾಲು ತಿಂಗಳುಗಟ್ಟಲೆ ಮಾಯದೆ ಉಳಿದು, ಕೀವಾಗಿ, ಎಲುಬಿಗೆ ಇಳಿದು, ಕೊನೆಗೆ ಬೆರಳನ್ನೋ ಪಾದವನ್ನೋ ಕತ್ತರಿಸುವ ಹಂತ ತಲಪುತ್ತದೆ.

ಕೈಮೇಲೆ ಆದ ಗಾಯ ಹತ್ತು ದಿನಕ್ಕೆ ಮಾಯುವಾಗ ಪಾದದ ಗಾಯವೇಕೆ ಮಾಯುವುದಿಲ್ಲ? ಎಂಟನೆಯ ತರಗತಿಯ ಒಂದು ಸೂತ್ರವೇ ಇದಕ್ಕೆ ಅರ್ಧ ಉತ್ತರ ಕೊಡುತ್ತದೆ. ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದಾಗ ಬರುವ ಮೊತ್ತ. 60 ಕಿಲೋಗ್ರಾಂ ತೂಕದ ವ್ಯಕ್ತಿ ಹೆಜ್ಜೆ ಮುಂದಿಡುವಾಗ ಒಂದು ಕ್ಷಣ ಇಡೀ ದೇಹದ ಭಾರ, ಸುಮಾರು 600 ನ್ಯೂಟನ್, ಒಂದೇ ಪಾದದ ಮುಂಭಾಗದ ಮೇಲಿರುತ್ತದೆ. ಅದರ ಮೂರನೆಯ ಒಂದು ಪಾಲು ಹೆಬ್ಬೆರಳ ಬುಡದಲ್ಲಿನ 4 ಚದರ ಸೆಂಟಿಮೀಟರ್ ಜಾಗದ ಮೇಲೆ ಬಿತ್ತೆನ್ನಿ. 200ನ್ನು 4ರಿಂದ ಭಾಗಿಸಿದರೆ ಚದರ ಸೆಂಟಿಮೀಟರಿಗೆ 50 ನ್ಯೂಟನ್. ಇದು ಕಾರಿನ ಟೈರಿನೊಳಗಿನ ಗಾಳಿಯ ಒತ್ತಡದ ಎರಡು ಪಟ್ಟಿಗಿಂತ ಹೆಚ್ಚು! ದಿನಕ್ಕೆ 5,000 ಹೆಜ್ಜೆ ನಡೆಯುವವರ ಪಾದದ ಹುಣ್ಣನ್ನು ಈ ಒತ್ತಡ 2,500 ಸಲ ಜಜ್ಜುತ್ತದೆ. ನೋವು ಇದ್ದವನು ಕುಂಟುತ್ತಾನೆ; ಕುಂಟುವುದರಿಂದಲೇ ಗಾಯಕ್ಕೆ ಬಿಡುವು ಸಿಗುತ್ತದೆ. ನೋವು ತಿಳಿಯದವನು ಕುಂಟುವುದೂ ಇಲ್ಲ.

ಈ ಸತ್ಯ ಹೊಳೆದದ್ದು ಮಧುಮೇಹಿಗಳ ಆಸ್ಪತ್ರೆಯಲ್ಲಲ್ಲ, ಕುಷ್ಠರೋಗಿಗಳ ನಡುವೆ. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಶಸ್ತ್ರವೈದ್ಯ ಪಾಲ್ ಬ್ರಾಂಡ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠವೇ ಮಾಂಸವನ್ನು ಕೊಳೆಯಿಸಿ ಬೆರಳುಗಳನ್ನು ಉದುರಿಸುತ್ತದೆಂದು ಆಗ ಎಲ್ಲರೂ ನಂಬಿದ್ದರು. ಹಾಗಲ್ಲ, ಸ್ಪರ್ಶಜ್ಞಾನ ಕಳೆದುಕೊಂಡ ಕೈಕಾಲುಗಳನ್ನು ರೋಗಿ ತನಗರಿವಿಲ್ಲದೆ ಸುಟ್ಟುಕೊಳ್ಳುತ್ತಾನೆ, ಜಜ್ಜಿಕೊಳ್ಳುತ್ತಾನೆ ಎಂದು ಬ್ರಾಂಡ್ ತೋರಿಸಿಕೊಟ್ಟರು. ಹುಣ್ಣಾದ ಪಾದಕ್ಕೆ ಮೊಣಕಾಲಿನ ಕೆಳಗಿನವರೆಗೆ ಪ್ಲಾಸ್ಟರ್ ಹಾಕಿ ಭಾರವನ್ನೆಲ್ಲ ಅಂಗಾಲಿಗೂ ಮೀನಖಂಡಕ್ಕೂ ಹಂಚಿದಾಗ ಎಷ್ಟೋ ಹುಣ್ಣುಗಳು ತಾವಾಗಿಯೇ ಮುಚ್ಚಿಕೊಂಡವು. ಬ್ರಾಂಡ್ ಮುಂದೆ ಅಮೆರಿಕಕ್ಕೆ ಹೋದಾಗ ಈ ವಿಧಾನ ಅಲ್ಲಿನ ಮಧುಮೇಹಿಗಳಿಗೂ ದೊರೆಯಿತು. ಇಂದಿಗೂ ಅಂಗಾಲಿನ ಹುಣ್ಣಿಗೆ ಇದಕ್ಕಿಂತ ಮೇಲಾದ ಮೊದಲ ಚಿಕಿತ್ಸೆ ಇಲ್ಲ.

ಪಾದದ ಕೀಲಿನ ಮೇಲ್ಭಾಗದಲ್ಲಿ, ಒಳಬದಿಗೆ ಆಗುವ ಹುಣ್ಣಿನ ಕಥೆ ಸ್ವಲ್ಪ ಬೇರೆ. ಹೊತ್ತುಗಟ್ಟಲೆ ನಿಂತು ದುಡಿಯುವವರ ಕಾಲಿನ ಸಿರೆಗಳು ಉಬ್ಬಿ, ರಕ್ತ ಮೇಲೇರದೆ ಕೆಳಗೇ ನಿಂತು, ಚರ್ಮ ಕಪ್ಪಾಗಿ ಒಡೆಯುತ್ತದೆ. ಅಲ್ಲಿ ಬೇಕಾದದ್ದು ಪ್ಲಾಸ್ಟರ್ ಅಲ್ಲ, ಬಿಗಿಯಾದ ಬ್ಯಾಂಡೇಜು.

ಇಷ್ಟೆಲ್ಲ ಮಾಡಿದರೂ ಕೆಲವು ಹುಣ್ಣುಗಳು ಜಗ್ಗುವುದಿಲ್ಲ. ಭಾರ ಇಳಿಸಿದ್ದಾಗಿದೆ, ಸತ್ತ ಮಾಂಸ ಕೆರೆದು ತೆಗೆದದ್ದಾಗಿದೆ, ಕೀವು ಹೋಗಿದೆ, ರಕ್ತನಾಳದಲ್ಲಿ ಅಡ್ಡಿಯೂ ಇಲ್ಲ. ಹುಣ್ಣು ಮಾತ್ರ ಇದ್ದಲ್ಲೇ ಇದೆ. ಏಕೆ?

ಗಾಯ ಮಾಯುವ ಕೆಲಸ ಹಂತಹಂತವಾಗಿ ನಡೆಯುತ್ತದೆ. ಮೊದಲು ರಕ್ತ ಹೆಪ್ಪುಗಟ್ಟಿ ಸೋರಿಕೆ ನಿಲ್ಲುತ್ತದೆ. ಆಮೇಲೆ ಬಿಳಿರಕ್ತಕಣಗಳು ಬಂದು ಸೂಕ್ಷ್ಮಜೀವಿಗಳನ್ನೂ ಸತ್ತ ಕೋಶಗಳನ್ನೂ ತೆರವು ಮಾಡುತ್ತವೆ. ಗಾಯದ ಸುತ್ತ ಕೆಂಪಾಗಿ ಊದಿಕೊಳ್ಳುವುದು ಆಗಲೇ. ಜಾಗ ಚೊಕ್ಕಟವಾದ ಮೇಲೆ ಹೊಸ ರಕ್ತನಾಳಗಳು ಚಿಗುರುತ್ತವೆ, ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಹೆಣೆದುಕೊಳ್ಳುತ್ತವೆ, ಅಂಚಿನಿಂದ ಚರ್ಮದ ಕೋಶಗಳು ತೆವಳಿ ಬಂದು ಮೇಲ್ಭಾಗವನ್ನು ಮುಚ್ಚುತ್ತವೆ. ಒಂದು ಹಂತ ಮುಗಿಯಿತು, ಇನ್ನೊಂದು ಶುರುವಾಗಲಿ ಎಂದು ಕೋಶಗಳು ಒಂದಕ್ಕೊಂದು ರಾಸಾಯನಿಕ ಸಂದೇಶ ಕಳಿಸಿಕೊಳ್ಳುತ್ತವೆ. ಹಳೆಯ ಹುಣ್ಣಿನಲ್ಲಿ ಈ ಸಂದೇಶ ಕೆಡುತ್ತದೆ. ತೆರವು ಮಾಡುವ ಹಂತ ಮುಗಿಯುವುದೇ ಇಲ್ಲ. ತೆರವಿಗೆಂದು ಬಂದ ಕಿಣ್ವಗಳು ಹೊಸದಾಗಿ ಹೆಣೆದ ಕೊಲಾಜೆನ್ ಎಳೆಗಳನ್ನೂ ತುಂಡರಿಸುತ್ತವೆ. ಮಗ್ಗದ ಒಂದು ತುದಿಯಲ್ಲಿ ನೇಕಾರ ನೇಯುತ್ತಿದ್ದಾನೆ, ಇನ್ನೊಂದು ತುದಿಯಲ್ಲಿ ಯಾರೋ ಎಳೆ ಬಿಚ್ಚುತ್ತಿದ್ದಾರೆ. ಬಟ್ಟೆ ಉದ್ದವಾಗುವುದಾದರೂ ಹೇಗೆ?

ಅಂಥ ಕಡೆ ಬೇರೆಯವರ ಚರ್ಮವನ್ನು ತಂದು ಹೊದಿಸಿದರಾಗದೆ ಎಂಬ ಯೋಚನೆ ಹಳೆಯದು. ಅದಕ್ಕೆ ಅಡ್ಡಿಯೇನೆಂಬುದು ಖಚಿತವಾದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ತೀವ್ರ ಸುಟ್ಟಗಾಯಗಳಾಗಿದ್ದ ಯುವತಿಯೊಬ್ಬಳಿಗೆ ಶಸ್ತ್ರವೈದ್ಯ ಟಾಮ್ ಗಿಬ್ಸನ್ ಅವಳ ಅಣ್ಣತಮ್ಮಂದಿರಲ್ಲೊಬ್ಬನ ಚರ್ಮದ ಸಣ್ಣ ಸಣ್ಣ ತುಣುಕುಗಳನ್ನು ಅಂಟಿಸಿದರು. ಜೊತೆಯಲ್ಲಿದ್ದವರು ಪ್ರಾಣಿಶಾಸ್ತ್ರಜ್ಞ ಪೀಟರ್ ಮೆಡಾವರ್. ಆ ತುಣುಕುಗಳು ಮೊದಲು ಅಂಟಿಕೊಂಡಂತೆ ಕಂಡು ಆಮೇಲೆ ಕಳಚಿಹೋದವು. ಅದೇ ಸೋದರನ ಚರ್ಮವನ್ನು ಎರಡನೆಯ ಸಲ ಹಾಕಿದಾಗ ಇನ್ನೂ ಬೇಗ ಕಳಚಿದವು. ಮೆಡಾವರ್ ಗಮನಿಸಿದ್ದು ಈ ‘ಇನ್ನೂ ಬೇಗ’ ಎಂಬುದನ್ನು. ದೇಹ ಆ ಚರ್ಮವನ್ನು ಪರಕೀಯವೆಂದು ಗುರುತಿಸಿ, ನೆನಪಿಟ್ಟುಕೊಂಡು, ಎರಡನೆಯ ಬಾರಿ ತಡಮಾಡದೆ ಓಡಿಸುತ್ತದೆ. ಸಿಡುಬಿನ ಲಸಿಕೆ ಹಾಕಿದ ಮೇಲೆ ದೇಹ ಆ ರೋಗವನ್ನು ನೆನಪಿಟ್ಟುಕೊಳ್ಳುವುದೂ ಇದೇ ಶಕ್ತಿಯಿಂದ. 1943ರಲ್ಲಿ ಇದನ್ನು ಅವರಿಬ್ಬರೂ ಪ್ರಕಟಿಸಿದರು. ಈ ಹಾದಿಯಲ್ಲೇ ಮುಂದುವರಿದ ಮೆಡಾವರ್‌ಗೆ 1960ರಲ್ಲಿ ಮ್ಯಾಕ್ಫರ್ಲೇನ್ ಬರ್ನೆಟ್ ಅವರೊಂದಿಗೆ ನೊಬೆಲ್ ಬಹುಮಾನ ಬಂತು.

ಒಡಹುಟ್ಟಿದವನ ಚರ್ಮವೇ ಒಗ್ಗದಿದ್ದರೆ ತಾಯಿಯ ಹೊಟ್ಟೆಯಲ್ಲಿ ಮಗು ಒಂಬತ್ತು ತಿಂಗಳು ಹೇಗೆ ಉಳಿಯುತ್ತದೆ? ಮಗುವಿನ ಅರ್ಧದಷ್ಟು ಗುಣಾಣುಗಳು ತಂದೆಯವು, ಅಂದರೆ ತಾಯಿಯ ದೇಹಕ್ಕೆ ಪರಕೀಯ. ಈ ಪ್ರಶ್ನೆಯನ್ನು 1953ರಲ್ಲಿ ಸ್ಪಷ್ಟವಾಗಿ ಮುಂದಿಟ್ಟವರೂ ಮೆಡಾವರ್ ಅವರೇ. ಪೂರ್ಣ ಉತ್ತರ ಸರಳವಲ್ಲ. ಆದರೆ ಅದರ ಒಂದು ಭಾಗ ಪಾದದ ಹುಣ್ಣಿಗೆ ಉಪಯೋಗಕ್ಕೆ ಬಂದಿದೆ.

ಗರ್ಭದಲ್ಲಿ ಮಗು ತೇಲುವ ನೀರಿನ ಚೀಲದ ಒಳಪದರಕ್ಕೆ ಆಮ್ನಿಯಾನ್ ಎಂದು ಹೆಸರು. ಹೆರಿಗೆಯ ನಂತರ ಮಾಸು ಹೊರಬೀಳುವಾಗ ಅದಕ್ಕೆ ಅಂಟಿಕೊಂಡೇ ಈ ಪೊರೆಯೂ ಬರುತ್ತದೆ. ತೆಳುವಾದ, ಆಚೆಯದು ಕಾಣಿಸುವ ಪೊರೆ. ಅದರಲ್ಲಿ ರಕ್ತನಾಳವಿಲ್ಲ, ನರವಿಲ್ಲ. ಅದರ ಕೋಶಗಳ ಮೇಲ್ಮೈಯಲ್ಲಿ ‘ನಾನು ಇಂಥವರಿಗೆ ಸೇರಿದವನು’ ಎಂದು ಸಾರುವ ಗುರುತಿನ ಅಣುಗಳು ತೀರ ಕಡಿಮೆ. ಹಾಗಾಗಿ ಬೇರೊಬ್ಬರ ಮೈಮೇಲೆ ಇಟ್ಟರೂ ಚರ್ಮಕ್ಕೆ ಎದುರಾಗುವಂಥ ಪ್ರತಿರೋಧ ಇದಕ್ಕೆ ಎದುರಾಗುವುದಿಲ್ಲ. ಕೊಲಾಜೆನ್ ಧಾರಾಳವಾಗಿದೆ. ಕೋಶಗಳನ್ನು ಬೆಳೆಯಲು ಪ್ರಚೋದಿಸುವ ಸಂದೇಶ ಪ್ರೋಟೀನುಗಳಿವೆ. ಎಲ್ಲಕ್ಕಿಂತ ಮುಖ್ಯವಾಗಿ, ಎಳೆ ಬಿಚ್ಚುವ ಆ ಕಿಣ್ವಗಳ ಕೈ ಕಟ್ಟಿಹಾಕುವ ಪದಾರ್ಥಗಳೂ ಇವೆ.

ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲದಲ್ಲಿ ಸೂಲಗಿತ್ತಿ ಮಾಸನ್ನು ಹಿತ್ತಲಿನಲ್ಲಿ ಹೂಳಿಸುತ್ತಿದ್ದಳು. ಈಗ ಆಸ್ಪತ್ರೆಗಳಲ್ಲಿ ಅದು ಹಳದಿ ಚೀಲ ಸೇರಿ ಸುಟ್ಟುಹೋಗುತ್ತದೆ. ಎಸೆಯುವ ಈ ವಸ್ತುವನ್ನು ಗಾಯಕ್ಕೆ ಹೊದಿಸಿ ನೋಡಿದವರಲ್ಲಿ ಮೊದಲಿಗರು ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಜಾನ್ ಸ್ಟೇಜ್ ಡೇವಿಸ್. ಅಲ್ಲಿ ನಡೆದ ಚರ್ಮ ಕಸಿಯ 550 ಪ್ರಕರಣಗಳನ್ನು ಕುರಿತ ಅವರ ವರದಿ 1910ರದು. 1913ರಲ್ಲಿ ಇನ್ನಿಬ್ಬರು ವೈದ್ಯರು ಸುಟ್ಟಗಾಯಕ್ಕೂ ಹುಣ್ಣಿಗೂ ಆಮ್ನಿಯಾನ್ ಬಳಸಿದರು. ನೂರು ವರ್ಷ ಹಳೆಯ ಈ ಉಪಾಯ ನಡುವೆ ಮೂಲೆಗೆ ಸೇರಿದ್ದೂ ಉಂಟು. 1980ರ ದಶಕದಲ್ಲಿ ಏಡ್ಸ್ ಕಾಣಿಸಿಕೊಂಡಾಗ ಒಬ್ಬರ ಹಸಿ ಪೊರೆಯನ್ನು ಇನ್ನೊಬ್ಬರ ಗಾಯಕ್ಕೆ ಹಾಕಲು ವೈದ್ಯರು ಹೆದರಿದ್ದು ಸಹಜವೇ.

ಆ ಹೆದರಿಕೆಗೆ ಉತ್ತರ ಕೊಟ್ಟದ್ದರಲ್ಲಿ ಮುಂಬಯಿಯ ಪಾಲೂ ಇದೆ. ಟಾಟಾ ಸ್ಮಾರಕ ಆಸ್ಪತ್ರೆಯ ಅಂಗಾಂಶ ಬ್ಯಾಂಕು 1988ರಲ್ಲಿ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ನೆರವಿನಿಂದ ಆರಂಭವಾಯಿತು. ದಾನಿ ತಾಯಿಯ ಒಪ್ಪಿಗೆ ಪಡೆದು, ಅವಳ ರಕ್ತವನ್ನು ಎಚ್‌ಐವಿ, ಕಾಮಾಲೆಯ ಬಿ ಮತ್ತು ಸಿ ವೈರಸ್ಸುಗಳಿಗಾಗಿ ಪರೀಕ್ಷಿಸಿ, ಪೊರೆಯನ್ನು ಬಿಡಿಸಿ ತೊಳೆದು ಒಣಗಿಸಿ, ಚೀಲದಲ್ಲಿ ಮುಚ್ಚಿ, ಕೊನೆಗೆ ಗಾಮಾ ಕಿರಣಗಳಿಗೆ ಒಡ್ಡುತ್ತಾರೆ. ಈ ಕಿರಣಗಳ ಮೂಲ ಕೋಬಾಲ್ಟ್-60. ಸಾಮಾನ್ಯವಾಗಿ ಕೊಡುವ ಪ್ರಮಾಣ 25 ಕಿಲೋಗ್ರೇ. ಒಂದು ಗ್ರೇ ಎಂದರೆ ಒಂದು ಕಿಲೋಗ್ರಾಂ ವಸ್ತು ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡಂತೆ. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು: 25,000 ಜೂಲ್‌ನಿಂದ ಒಂದು ಕಿಲೋಗ್ರಾಂ ನೀರು ಬಿಸಿಯಾಗುವುದು ಬರೀ 6 ಡಿಗ್ರಿಯಷ್ಟು! ಒಂದು ಲೋಟ ಕಾಫಿಯನ್ನೂ ಕಾಯಿಸಲಾರದ ಈ ಶಕ್ತಿ ಸೂಕ್ಷ್ಮಜೀವಿಗಳ ಡಿಎನ್‌ಎ ಎಳೆಗಳನ್ನು ಚೂರುಚೂರು ಮಾಡುತ್ತದೆ. ಮನುಷ್ಯನ ಇಡೀ ಮೈಗೆ 4–5 ಗ್ರೇ ಬಿದ್ದರೇ ಪ್ರಾಣಕ್ಕೆ ಕುತ್ತು. ಇಲ್ಲಿ ಕೊಡುವುದು ಅದರ ಐದು ಸಾವಿರ ಪಟ್ಟು. ಪೊರೆ ಕುದಿಯದೆ, ಪ್ರೋಟೀನುಗಳು ಬೆಂದುಹೋಗದೆ ಶುದ್ಧವಾಗುತ್ತದೆ. ಗಾಮಾ ಕಿರಣ ಹಾದುಹೋದ ವಸ್ತು ತಾನೇ ವಿಕಿರಣ ಸೂಸುವುದೂ ಇಲ್ಲ.

ಹೀಗೆ ಒಣಗಿಸಿ ಶುದ್ಧಗೊಳಿಸಿದ ಪೊರೆಯಲ್ಲಿ ಜೀವಂತ ಕೋಶಗಳು ಉಳಿಯುವುದಿಲ್ಲ. ಇದನ್ನು ‘ಕಾಂಡಕೋಶ ಚಿಕಿತ್ಸೆ’ ಎಂದು ಯಾರಾದರೂ ಮಾರಿದರೆ ಅನುಮಾನ ಪಡಬೇಕಾದದ್ದೇ. ಪೊರೆ ಗಾಯದ ಮೇಲೆ ಬೇರು ಬಿಟ್ಟು ಚರ್ಮವಾಗುವುದಿಲ್ಲ. ವಾರದಲ್ಲೋ ಎರಡು ವಾರದಲ್ಲೋ ಕರಗಿ ಹೋಗುತ್ತದೆ. ಬೇಕಾದರೆ ಇನ್ನೊಂದು ತುಂಡು ಇಡುತ್ತಾರೆ. ಇರುವಷ್ಟು ದಿನ ಅದು ಸಂದೇಶ ಕೊಡುತ್ತದೆ, ಕಿಣ್ವಗಳನ್ನು ಹಿಡಿದಿಡುತ್ತದೆ. ಹುಣ್ಣನ್ನು ಮುಚ್ಚುವುದು ರೋಗಿಯದೇ ಚರ್ಮ.

ವಿಚಿತ್ರವೆಂದರೆ ಜೀವಂತ ಕೋಶಗಳನ್ನೇ ಇಟ್ಟರೂ ಆಗುವುದು ಇಷ್ಟೇ. ಅಮೆರಿಕದಲ್ಲಿ ಸುನ್ನತಿ ಮಾಡಿದಾಗ ದೊರೆಯುವ ಶಿಶುಗಳ ಮುಂದೊಗಲಿನ ಕೋಶಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ, ದನದ ಕೊಲಾಜೆನ್ ಜೊತೆ ಸೇರಿಸಿ ಎರಡು ಪದರದ ಚರ್ಮವನ್ನು ತಯಾರಿಸುತ್ತಾರೆ. ಒಂದೇ ದಾನದಿಂದ ಸಾವಿರಾರು ತುಂಡುಗಳು! ಅದಕ್ಕೆ ಅಲ್ಲಿನ ಸರ್ಕಾರ 1998ರಲ್ಲಿ ಸಿರೆಯ ಹುಣ್ಣಿಗೂ 2000ದಲ್ಲಿ ಮಧುಮೇಹಿಗಳ ಪಾದದ ಹುಣ್ಣಿಗೂ ಒಪ್ಪಿಗೆ ಕೊಟ್ಟಿತು. ಕೆಲವು ವಾರಗಳ ನಂತರ ಗಾಯದಲ್ಲಿ ಹುಡುಕಿದರೆ ದಾನಿಯ ಡಿಎನ್‌ಎ ಸಿಕ್ಕುವುದು ಅಪರೂಪ. ಆ ಕೋಶಗಳೂ ಪೊರೆಯಂತೆ ಬಂದು ಹೋಗುವ ನೆಂಟರೇ.

ಫಲವೆಷ್ಟು? ಈ ಕೃತಕ ಚರ್ಮವನ್ನು 208 ಮಧುಮೇಹಿಗಳಲ್ಲಿ ಪರೀಕ್ಷಿಸಿದ ವರದಿ 2001ರಲ್ಲಿ ಬಂತು. 12 ವಾರಗಳಲ್ಲಿ ಹುಣ್ಣು ಪೂರ್ತಿ ಮಾಯ್ದವರು ನೂರಕ್ಕೆ 56. ಅದಿಲ್ಲದೆ ಒಳ್ಳೆಯ ಶುಶ್ರೂಷೆಯಷ್ಟೇ ದೊರೆತವರಲ್ಲಿ ನೂರಕ್ಕೆ 38. ಒಣಗಿಸಿದ ಆಮ್ನಿಯಾನ್ ಪೊರೆಯ 2013ರ ಪರೀಕ್ಷೆಯೊಂದರಲ್ಲಿ 6 ವಾರಕ್ಕೆ ಪೊರೆ ಹಾಕಿದವರಲ್ಲಿ ನೂರಕ್ಕೆ 92, ಹಾಕದವರಲ್ಲಿ ನೂರಕ್ಕೆ 8. ಈ ಅಂಕಿಗಳನ್ನು ಕಂಡು ಹಿಗ್ಗುವ ಮೊದಲು ಎರಡು ಸಂಗತಿ ತಿಳಿದಿರಬೇಕು. ಆ ಪರೀಕ್ಷೆಯಲ್ಲಿದ್ದವರು ಎರಡೂ ಗುಂಪು ಸೇರಿ 25 ಜನ. ಅದರ ಖರ್ಚು ಕೊಟ್ಟದ್ದು ಪೊರೆ ಮಾರುವ ಕಂಪನಿಯೇ. ಬೇರೆ ಪರೀಕ್ಷೆಗಳಲ್ಲಿ ಅಂತರ ಇಷ್ಟು ದೊಡ್ಡದಿಲ್ಲ, ಆದರೆ ಅಂತರ ಇದೆ. ಮಧುಮೇಹಿಗಳ ಪಾದವನ್ನು ಕುರಿತ ಅಂತರರಾಷ್ಟ್ರೀಯ ತಜ್ಞರ ಕಾರ್ಯತಂಡ 2023ರಲ್ಲಿ ಹೇಳಿದ್ದೂ ಎಚ್ಚರಿಕೆಯ ಮಾತೇ: ಭಾರ ಇಳಿಸುವುದೂ ಸೇರಿದಂತೆ ಉತ್ತಮ ಶುಶ್ರೂಷೆ ಮಾಡಿಯೂ ಹುಣ್ಣು ಕುಗ್ಗದಿದ್ದರೆ, ಅದರ ಜೊತೆಗೆ ಮಾಸಿನಿಂದ ತಯಾರಾದ ಪೊರೆಯನ್ನು ಪರಿಗಣಿಸಬಹುದು. ‘ಜೊತೆಗೆ’ ಎಂಬ ಮಾತಿನಲ್ಲೇ ಎಲ್ಲವೂ ಇದೆ. ಹುಣ್ಣಿನ ಮೇಲೆ ದುಬಾರಿ ಪೊರೆ ಹೊದಿಸಿ ಅದೇ ಕಾಲಿನಲ್ಲಿ ನಡೆದಾಡಲು ಬಿಟ್ಟರೆ ಹಣ ನೀರಿನಲ್ಲಿ ಹೋಮ.

ಹಣದ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ತಾಯಂದಿರು ಪುಕ್ಕಟೆಯಾಗಿ ಕೊಟ್ಟ ಪೊರೆ ಅಮೆರಿಕದಲ್ಲಿ ದೊಡ್ಡ ವ್ಯಾಪಾರವಾಯಿತು. ಅಲ್ಲಿನ ವೃದ್ಧರ ಸರ್ಕಾರಿ ವಿಮೆ ಇಂಥ ಚರ್ಮದ ಬದಲಿಗಳಿಗಾಗಿ 2019ರಲ್ಲಿ ಕೊಟ್ಟದ್ದು ಸುಮಾರು 25 ಕೋಟಿ ಡಾಲರ್. 2024ರಲ್ಲಿ 1,000 ಕೋಟಿ ಡಾಲರಿಗೂ ಹೆಚ್ಚು. ರೋಗಿಗಳು ಐದು ವರ್ಷದಲ್ಲಿ ನಲವತ್ತು ಪಟ್ಟು ಆಗಿರಲಾರರು. ದರಕ್ಕೆ ಮೂಗುದಾರ ಹಾಕಿ 2026ರಿಂದ ಚದರ ಸೆಂಟಿಮೀಟರಿಗೆ ಸುಮಾರು 127 ಡಾಲರ್ ಎಂದು ಒಂದೇ ಬೆಲೆ ಗೊತ್ತುಮಾಡಲಾಯಿತು.

ನಮ್ಮಲ್ಲಿ ಅಂಗಾಂಶದಾನ ಕಾನೂನಿನ ಕಣ್ಣಿನಲ್ಲಿ ದಾನವೇ. 1994ರ ಅಂಗಾಂಗ ಕಸಿ ಕಾಯಿದೆಗೆ 2011ರಲ್ಲಿ ಅಂಗಾಂಶಗಳನ್ನೂ ಸೇರಿಸಲಾಯಿತು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಲ್ಲಿ ಚರ್ಮದ ಬ್ಯಾಂಕು ಆರಂಭವಾಯಿತು. ಅದು ಮುಖ್ಯವಾಗಿ ಸುಟ್ಟಗಾಯದವರಿಗಾಗಿ; ದೊಡ್ಡ ಗಾಯಗಳನ್ನು ತಾತ್ಕಾಲಿಕವಾಗಿ ಮುಚ್ಚಿ ಹದಗೊಳಿಸುವುದಕ್ಕೂ ಇಂಥ ಚರ್ಮ ಆಗುತ್ತದೆ. ಮರಣವಾದ ಆರು ಗಂಟೆಯೊಳಗೆ ತಿಳಿಸಿದರೆ ತಂಡ ಮನೆಗೇ ಬಂದು ತೊಡೆ, ಕಾಲು, ಬೆನ್ನಿನಿಂದ ಕಾಗದದಷ್ಟು ತೆಳುವಾದ ಮೇಲ್ಪದರವನ್ನು ಮಾತ್ರ ತೆಗೆದುಕೊಂಡು ಬ್ಯಾಂಡೇಜು ಸುತ್ತಿಕೊಡುತ್ತದೆ. ಗ್ಲಿಸರಾಲ್‌ನಲ್ಲಿ ಅದ್ದಿಟ್ಟು ತಣ್ಣಗೆ ಕಾದಿರಿಸಿದರೆ ವರ್ಷಗಟ್ಟಲೆ ಕೆಡದು. ರಕ್ತದ ಗುಂಪು ಹೊಂದಬೇಕಿಲ್ಲ, ಬಣ್ಣವೂ ಹೊಂದಬೇಕಿಲ್ಲ, ಏಕೆಂದರೆ ಇದೂ ಕೆಲವು ವಾರಗಳಿಗೆ ಬಂದು ಹೋಗುವ ಚರ್ಮವೇ. ಸಕ್ಕರೆ ಕಾಯಿಲೆ ಇದ್ದವರೂ ಚರ್ಮದಾನ ಮಾಡಬಹುದು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ.

ಹುಣ್ಣಾದವರ ಮನೆಯಲ್ಲಿ ಒಂದು ಲೆಕ್ಕವನ್ನು ಶಾಲೆಗೆ ಹೋಗುವ ಮಕ್ಕಳೇ ಇಡಬಹುದು. ಡ್ರೆಸಿಂಗ್ ಬದಲಿಸುವ ದಿನ ಹುಣ್ಣಿನ ಉದ್ದ ಅಗಲಗಳನ್ನು ಮುಟ್ಟದೆ ಸ್ಕೇಲಿನಿಂದ ಅಳೆದು ಗುಣಿಸಿ, ತಾರೀಖಿನ ಮುಂದೆ ಬರೆದಿಡಬೇಕು. 3 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ಅಗಲ ಎಂದರೆ 6. ನಾಲ್ಕು ವಾರದಲ್ಲಿ ಅದು 3ಕ್ಕೆ ಇಳಿಯದಿದ್ದರೆ ಚಿಕಿತ್ಸೆಯಲ್ಲಿ ಏನೋ ಕೊರತೆಯಿದೆ ಎಂದರ್ಥ. ಆ ಹಾಳೆಯನ್ನೇ ವೈದ್ಯರ ಮುಂದಿಡಬೇಕು.

ಹುಣ್ಣಾಗದವರ ಮನೆಯಲ್ಲಿ ಇನ್ನೊಂದು ಪರೀಕ್ಷೆ. ಇದನ್ನು ಇಂಗ್ಲೆಂಡಿನ ಇಪ್ಸ್ವಿಚ್ ಊರಿನ ಆಸ್ಪತ್ರೆಯವರು ರೂಪಿಸಿ 2011ರಲ್ಲಿ ಪ್ರಕಟಿಸಿದರು, ಖರ್ಚು ಸೊನ್ನೆ. ಸಕ್ಕರೆ ಕಾಯಿಲೆ ಇರುವ ಅಜ್ಜನೋ ಅಜ್ಜಿಯೋ ಕಣ್ಣು ಮುಚ್ಚಿ ಮಲಗಲಿ. ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳು, ಹೀಗೆ ಆರು ತುದಿಗಳನ್ನು ಒಂದೊಂದಾಗಿ ತೋರುಬೆರಳಿನ ತುದಿಯಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು. ಮುಟ್ಟಿದ್ದು ತಿಳಿದಾಗಲೆಲ್ಲ ಅವರು ‘ಹೂಂ’ ಎನ್ನಲಿ. ಒತ್ತಬಾರದು, ಸವರಬಾರದು, ಕಚಗುಳಿ ಇಡಬಾರದು. ತಿಳಿಯಲಿಲ್ಲವೆಂದು ಅದೇ ಬೆರಳನ್ನು ಮತ್ತೆ ಮುಟ್ಟಲೂಬಾರದು. ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ಪಾದದ ಸ್ಪರ್ಶಜ್ಞಾನ ಕುಂದಿದೆ. ಅಂದಿನಿಂದ ಅವರು ಬರಿಗಾಲಲ್ಲಿ ಅಂಗಳಕ್ಕೂ ಇಳಿಯಬಾರದು, ಚಪ್ಪಲಿ ಮೆಟ್ಟುವ ಮೊದಲು ಒಳಗೆ ಕೈಯಾಡಿಸಬೇಕು, ಪಾದವನ್ನು ವೈದ್ಯರಿಗೆ ತೋರಿಸಬೇಕು.